ಖಾಸಗಿತನದ ಹಕ್ಕು: ಬಾಗಿಲು ಬಡಿತದಿಂದ ಮೊಬೈಲಿನವರೆಗೆ



ನಿಮ್ಮ ಮೊಬೈಲನ್ನು ಇನ್ನೊಬ್ಬರು ತೆರೆದು ನೋಡಿದರೆ ನಿಮಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಸಂವಿಧಾನದ ಬೆಂಬಲವಿದೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಖಚಿತವಾಗಿ ಹೇಳಿದ್ದು 2017ರಲ್ಲಿ ಮಾತ್ರ. ಆದರೆ ಈ ಕತೆ ಅಂತರ್ಜಾಲ ಹುಟ್ಟುವ ಮೊದಲೇ ಆರಂಭವಾಗಿತ್ತು.

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲೆ ದರೋಡೆಯ ಆರೋಪ ಬಂತು. ಸಾಕ್ಷ್ಯವಿಲ್ಲದೆ ಬಿಡುಗಡೆಯೂ ಆಯಿತು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಮನೆ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ನ್ಯಾಯಾಲಯ ರಾತ್ರಿ ಭೇಟಿಯನ್ನು ರದ್ದುಗೊಳಿಸಿತು. ಆದರೆ ಖಾಸಗಿತನವೆಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದುಬಿಟ್ಟಿತು. ಇದನ್ನು ಒಪ್ಪದೆ ಬೇರೆ ತೀರ್ಪು ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಅವರ ಮಾತು ಗೆಲ್ಲಲು 55 ವರ್ಷ ಬೇಕಾಯಿತು!

ಗೆಲ್ಲಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ದಿಲ್ಲಿಗೆ ಅರ್ಜಿ ಹಾಕಿದರು. ಸರಕಾರ ಹಳೆಯ ತೀರ್ಪುಗಳನ್ನು ಮುಂದಿಟ್ಟು, ಅಂಥ ಹಕ್ಕೇ ಇಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ಮಾರನೆಯ ವರ್ಷ ಆಧಾರ್ ಬಹುಮಟ್ಟಿಗೆ ಉಳಿಯಿತು ಎಂಬುದೂ ನಿಜ; ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಮಾತ್ರ ತಡೆ ಬಿತ್ತು.

ಈ ನಡುವೆ ಮಾತಿನ ಸ್ವಾತಂತ್ರ್ಯದ ಪ್ರಶ್ನೆಯೂ ಎದ್ದಿತ್ತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ 66ಎ ಎಂಬ ವಿಧಿ ಸೇರಿತು. 'ಕಿರಿಕಿರಿ'ಯಾಗುವಂಥದ್ದು ಬರೆದರೂ ಮೂರು ವರ್ಷ ಜೈಲು! ಕಿರಿಕಿರಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ, ನಾಯಕರೊಬ್ಬರ ನಿಧನಕ್ಕೆ ಮುಂಬಯಿ ಬಂದ್ ಆದುದನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದಳು. ಗೆಳತಿ ಅದಕ್ಕೆ ಮೆಚ್ಚುಗೆ ಒತ್ತಿದಳು. ಇಬ್ಬರೂ ಬಂಧನಕ್ಕೊಳಗಾದರು. ಇದನ್ನು ಕಂಡು ಕಾನೂನು ಓದಲು ಹೊರಟಿದ್ದ ಶ್ರೇಯಾ ಸಿಂಘಲ್ ಎಂಬ ಯುವತಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2015ರ ಮಾರ್ಚ್ 24ರಂದು 66ಎ ರದ್ದಾಯಿತು.

ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯರು ಇನ್ನೊಂದು ಪ್ರಕರಣವನ್ನು ತಿಳಿದಿರಬೇಕು. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ 6ರಿಂದ 10ರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಲಾಯಿತು. ತಂದೆ ಮಗಳ ಬೆನ್ನಿಗೆ ನಿಂತರು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಅಂತರ್ಜಾಲ ಬಳಕೆಯು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಭಾಗವೆಂದು ಹೇಳಿ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದಿದೆ. ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ದೇಶದ ಭದ್ರತೆ ಮುಂತಾದ ಕಾರಣ ಹೇಳಿ ಸರಕಾರವು ತನ್ನ ಸಂಸ್ಥೆಗಳನ್ನೇ ಕಾಯ್ದೆಯಿಂದ ಹೊರಗಿಡಬಹುದು. ಖರಕ್ ಸಿಂಗರ ಬಾಗಿಲು ಬಡಿದದ್ದು ಯಾವ ಕಂಪನಿಯೂ ಅಲ್ಲ, ಪೊಲೀಸರು.