ಮೂರು ಬೆರಳಿನ ಪಾಠ

ಔಷಧ ಕೌಂಟರಿನಲ್ಲಿ ಓಆರ್‌ಎಸ್ ಪೊಟ್ಟಣ ಕೊಡುವಾಗ ನಾವು "ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ" ಎನ್ನುತ್ತೇವೆ. ಕೇಳಿದವರು ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಏನು ಮಾಡಿದರೋ ನಮಗೆ ತಿಳಿಯುವುದೇ ಇಲ್ಲ. ತರಬೇತಿಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿಯರ ಮುಂದೆ ಈ ಮಾತು ಬಂದಾಗ ನಮಗೆ ನೆನಪಾಗುವುದು ಬಾಂಗ್ಲಾದೇಶದ ಕಥೆ.

ಉಪ್ಪಿನ ಜೊತೆ ಗ್ಲೂಕೋಸ್ ಸೇರಿದರೆ ಭೇದಿಯ ನಡುವೆಯೂ ಕರುಳು ನೀರನ್ನು ಹೀರಿಕೊಳ್ಳುತ್ತದೆ. ಹೀಗೆ ಕುಡಿಸಿಯೇ ಕಾಲರಾ ರೋಗಿಗಳನ್ನು ಉಳಿಸಬಹುದೆಂದು 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಷ್ ಮತ್ತು ಸಂಗಡಿಗರು ತೋರಿಸಿದರು. 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರಿಗೆ ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಈ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ಆದರೆ ಹಳ್ಳಿಯ ಮನೆಯಲ್ಲಿ ಪೊಟ್ಟಣ ಎಲ್ಲಿಂದ ಬರಬೇಕು? 1980ರಲ್ಲಿ ಫಜ್ಲೆ ಹಸನ್ ಅಬೇದ್ ಅವರ ಬ್ರಾಕ್ ಸಂಸ್ಥೆ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸತೊಡಗಿತು. ಪಾಠ ಇಷ್ಟೇ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು, ಅಂದರೆ ಸುಮಾರು ಅರ್ಧ ಲೀಟರ್, ನೀರು. ಮಿಲಿಗ್ರಾಂ ಲೆಕ್ಕದಲ್ಲೇ ಬದುಕುವ ನಮಗೆ ಇದು ಎದೆ ನಡುಗಿಸುವ ಅಳತೆ. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ. ಅದಕ್ಕೇ ಕಾರ್ಯಕರ್ತೆ ಬರೀ ಹೇಳಿ ಹೊರಡುವಂತಿರಲಿಲ್ಲ. ತಾಯಿ ತನ್ನ ಕೈಯಿಂದಲೇ ಕಲಸಿ ತೋರಿಸಬೇಕಿತ್ತು. ಆಮೇಲೆ ಬೇರೆಯವರು ಬಂದು ಆಯ್ದ ಮನೆಗಳಲ್ಲಿ ಮತ್ತೆ ಮಾಡಿಸಿ, ಆ ನೀರಿನ ಮಾದರಿಯನ್ನು ಪರೀಕ್ಷೆಗೆ ಒಯ್ಯುತ್ತಿದ್ದರು. ತಾಯಂದಿರು ಎಷ್ಟು ಕಲಿತಿದ್ದಾರೋ ಅದರ ಮೇಲೆ ಕಾರ್ಯಕರ್ತೆಯ ಸಂಭಾವನೆ!

ಆದರೂ ಮೊದಮೊದಲು ಕಲಿತವರಲ್ಲಿ ಬಳಸಿದವರು ಕಡಿಮೆ. ವಿಚಾರಿಸಿದಾಗ ತಿಳಿದದ್ದು, ಕಲಿಸುವವರಿಗೇ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ಅವರಿಗೆ ಈ ನೀರು ಹೇಗೆ ಕೆಲಸ ಮಾಡುತ್ತದೆಂದು ಮನದಟ್ಟು ಮಾಡಿಸಲಾಯಿತು. ಬಳಿಕ ಅವರು ತಾಯಂದಿರ ಎದುರಿಗೇ ಕುಡಿದು ತೋರಿಸಿದರು. ಮನೆಯ ಗಂಡಸರಿಗೂ ತಿಳಿಹೇಳಲಾಯಿತು. 1990ರ ಹೊತ್ತಿಗೆ ಸುಮಾರು 1.2 ಕೋಟಿ ಮನೆಗಳಿಗೆ ಪಾಠ ಮುಟ್ಟಿತ್ತು.

ಪೊಟ್ಟಣ ಸುಲಭವಾಗಿ ಸಿಗುವ ಈ ಕೊಲ್ಲಿ ನಾಡಿನಲ್ಲಿ ಚಿಟಿಕೆಯ ಅಳತೆ ಬೇಡ. ಕಲಿಸಿದ ಆ ಕ್ರಮ ಮಾತ್ರ ಇಂದಿಗೂ ಬೇಕು. ಅದಕ್ಕೇ ವಿದ್ಯಾರ್ಥಿನಿಯರ ಕೈಗೆ ಪೊಟ್ಟಣ, ಜಗ್ಗು ಕೊಟ್ಟು ಕಲಸಿಸುತ್ತೇವೆ. ಒಂದು ಗುಟುಕು ಕುಡಿಸುತ್ತೇವೆ. "ನಾಳೆ ವಾರ್ಡಿನಲ್ಲಿ ಜಗ್ಗನ್ನು ತಾಯಿಯ ಕೈಗೆ ಕೊಡಿ, ನೀವು ಸುಮ್ಮನೆ ನಿಂತು ನೋಡಿ" ಎನ್ನುತ್ತೇವೆ.