ಕಾಗದದ ಕಿಲೋಮೀಟರ್, ರಸ್ತೆಯ ಕಿಲೋಮೀಟರ್

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳೋಕೆ ಹೋದವರು ಕೇಳುವ ಮೊದಲ ಪ್ರಶ್ನೆ: "ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ?" ವೀಕ್ಷಕರೇ, ಈ ಪ್ರಶ್ನೆಗೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

1895ರ ಡಿಸೆಂಬರ್ 31. ಅಮೆರಿಕದ ಆಗ್ಡನ್ ಬೋಲ್ಟನ್ ಅವರಿಗೆ ಬ್ಯಾಟರಿ ಸೈಕಲ್‌ನ ಪೇಟೆಂಟ್ ಸಿಕ್ಕಿತು. ಮೋಟಾರ್ ಎಲ್ಲಿತ್ತು ಗೊತ್ತಾ? ಹಿಂದಿನ ಚಕ್ರದ ಹಬ್‌ನಲ್ಲಿ. ಇವತ್ತಿನ ಎಷ್ಟೋ ಸ್ಕೂಟರ್‌ಗಳಲ್ಲೂ ಅಲ್ಲೇ ಇದೆ! ಕೈಕೊಟ್ಟಿದ್ದು ಮೋಟಾರ್ ಅಲ್ಲ, ಬ್ಯಾಟರಿ. ಫ್ರಾನ್ಸ್‌ನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸದ ಬ್ಯಾಟರಿಗೆ ಭಾರ ಜಾಸ್ತಿ, ಕಸುವು ಕಡಿಮೆ. ದೂರ ಹೋಗಬೇಕಂದ್ರೆ ಬ್ಯಾಟರಿ ಹೆಚ್ಚಿಸಬೇಕು; ಹೆಚ್ಚಿಸಿದ್ರೆ ಗಾಡಿ ಆ ಭಾರವನ್ನೂ ಎಳೀಬೇಕು. ಪೆಟ್ರೋಲ್ ಗೆದ್ದದ್ದು ಇಲ್ಲೇ.

ಈ ಕಗ್ಗಂಟು ಸಡಿಲವಾಗತೊಡಗಿದ್ದು 1991ರಲ್ಲಿ, ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗ. ಇವತ್ತು ಅದು ಅಷ್ಟೇ ತೂಕದ ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಶಕ್ತಿ ಹಿಡಿದಿಡುತ್ತೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. 2022ರಲ್ಲಿ ಬೆಂಗಳೂರಿನ ಏಥರ್ ತನ್ನ ಹೊಸ 450ಎಕ್ಸ್ ಸ್ಕೂಟರ್‌ಗೆ ಎರಡು ಅಂಕಿ ಕೊಟ್ಟಿತು: ಪ್ರಮಾಣಿತ ಪರೀಕ್ಷೆಯಲ್ಲಿ 146 ಕಿ.ಮೀ., ನಿಜವಾದ ಓಡಾಟದಲ್ಲಿ 105. ಸ್ಕೂಟರ್ ಅದೇ, ಬ್ಯಾಟರಿ ಅದೇ, ವ್ಯತ್ಯಾಸ 41 ಕಿ.ಮೀ.! ಲ್ಯಾಬಿನಲ್ಲಿ ಏರು ಇಲ್ಲ, ಗುಂಡಿ ಇಲ್ಲ, ಹಿಂದೆ ಕೂರುವ ಮನೆಯವರೂ ಇಲ್ಲ. ಎರಡೂ ಅಂಕಿ ಮುಂದಿಟ್ಟರೆ ಅದು ಪ್ರಾಮಾಣಿಕತೆ. ದೊಡ್ಡದನ್ನಷ್ಟೇ ತೋರಿಸಿದರೆ?

ಸಾಲದ ಕಂತು ಕಟ್ಟುತ್ತಾ ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಆ 41 ಕಿಲೋಮೀಟರ್ ಅಂದ್ರೆ ಅಂಕಿಯಲ್ಲ, ಅನ್ನ. ಆದ್ದರಿಂದ ಶೋರೂಮಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿ: "ಸರ್, ಇದು ಟೆಸ್ಟ್ ಲೆಕ್ಕವೋ, ರೋಡ್ ಲೆಕ್ಕವೋ?"