ಮಂಡಿ ಸವೆತದಲ್ಲಿ ಮೂಳೆಯ ಚಿತ್ರಣ

ಅಸ್ಥಿಸಂಧಿವಾತ, ಆಡುಮಾತಿನ ಮಂಡಿ ಸವೆತ, ತಗಲಿದ ಮೊಣಕಾಲಿನ ಮೂಳೆಗಳ ರಚನೆಯನ್ನು ಎಕ್ಸ್‌ರೇ, ಸಿಟಿ, ಎಂಆರ್‌ಐಗಳಿಂದ ಪರಿಶೀಲಿಸುವ ವಿಧಾನ. ಮೊದಲ ಪರೀಕ್ಷೆ ಇಂದಿಗೂ ಎಕ್ಸ್‌ರೇ. ರೋಗಿಯನ್ನು ನಿಲ್ಲಿಸಿಯೇ ತೆಗೆಯಬೇಕು. ಮಲಗಿಸಿದರೆ ಮೈಭಾರ ಬೀಳದೆ ಕೀಲಿನ ಸಂದು ಇರುವುದಕ್ಕಿಂತ ಅಗಲವಾಗಿ ಕಂಡೀತು. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಎರಡು ಮೂಳೆಗಳ ನಡುವಿನ ಕಪ್ಪು ಸಂದೇ ಅದರ ಗುರುತು. ಸವೆದಂತೆಲ್ಲ ಆ ಸಂದು, ಹೆಚ್ಚಾಗಿ ಒಳಬದಿಯಲ್ಲಿ, ಕಿರಿದಾಗುತ್ತದೆ; ಅಂಚಿನಲ್ಲಿ ಮೂಳೆಮುಳ್ಳುಗಳು ಚಾಚುತ್ತವೆ; ಕೀಲಿನಡಿಯ ಮೂಳೆ ಗಟ್ಟಿಯಾಗಿ ಅಚ್ಚ ಬೆಳ್ಳಗೆ ಕಾಣುತ್ತದೆ, ಕೆಲವೊಮ್ಮೆ ಅದರೊಳಗೆ ಗುಳ್ಳೆಗಳೂ ಇರುತ್ತವೆ. ಇವನ್ನು ನೋಡಿ 0ಯಿಂದ 4ರವರೆಗೆ ದರ್ಜೆ ಕೊಡುವ ಕೆಲ್‌ಗ್ರೆನ್–ಲಾರೆನ್ಸ್ ಪದ್ಧತಿ 1957ರದು. ಒರಟು ಅಳತೆಯಾದರೂ ಬಳಕೆ ತಪ್ಪಿಲ್ಲ. ಎಂಆರ್‌ಐ ಮೂಳೆಮಜ್ಜೆಯ ಗಾಯಗಳನ್ನೂ ತೋರಿಸುತ್ತದೆ. ಕೊಬ್ಬಿನ ಸಂಕೇತ ಅಡಗಿಸಿ ತೆಗೆದ ಚಿತ್ರದಲ್ಲಿ ಅವು ಕೀಲಿನಡಿ ಹೊಗೆಯಂತೆ ಬೆಳ್ಳಗೆ ಹರಡಿರುತ್ತವೆ. ನೋವಿಗೂ ಇವಕ್ಕೂ ನಂಟುಂಟು. ಮೈಕ್ರೋ-ಸಿಟಿ ಮೂಳೆಯೊಳಗಿನ ಜಾಲರಿಯ ಎಳೆ ಎಳೆಯನ್ನೂ ಬಿಡಿಸಿ ತೋರಿಸುತ್ತದೆ, ಆದರೆ ಅದರ ಬಳಕೆ ಬಹುಪಾಲು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳ ಸಂಶೋಧನೆಗೆ. ಚಿತ್ರಕ್ಕೂ ನೋವಿಗೂ ಸದಾ ತಾಳೆಯಾಗದು: ಎಕ್ಸ್‌ರೇಯಲ್ಲಿ ಸವೆತ ಎದ್ದು ಕಂಡರೂ ನೋವಿಲ್ಲದೆ ಓಡಾಡುವವರಿದ್ದಾರೆ.